ಪ್ರೌಢಶಾಲಾ ಮಾನಸಿಕ ಆರೋಗ್ಯ ಪಾಲನೆ (ಭಾರತ)

ಹದಿಹರೆಯದ ವಿದ್ಯಾರ್ಥಿಗಳ ಆತಂಕ, ಖಿನ್ನತೆ, ಪರೀಕ್ಷಾ ಭಯ, ಕಿರುಕುಳದ ನೋವುಗಳನ್ನು ಬೇಗ ಗುರುತಿಸಿ ನೆರವು ಒದಗಿಸುವ ಶಾಲಾ ವ್ಯವಸ್ಥೆ. ಮುಖ್ಯ ಶಿಕ್ಷಕರ ಬೆಂಬಲದೊಂದಿಗೆ ಆಪ್ತಸಮಾಲೋಚಕರು ಇದನ್ನು ಮುನ್ನಡೆಸಬೇಕು. ಅವರಿಲ್ಲದ ಕಡೆ ಹೊಣೆಯೆಲ್ಲ ತರಗತಿ ಶಿಕ್ಷಕರದ್ದೇ. 2020ರ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತರಬೇತುಗೊಳಿಸುತ್ತದೆ. ಹದಿಹರೆಯದವರಿಗೆ ಶಿಕ್ಷಕರ ಮೂಲಕವೇ ಜೀವನ ಕೌಶಲ ಕಲಿಸುವ ಮಾದರಿಯೊಂದನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ರೂಪಿಸಿದೆ.

ಶಿಕ್ಷಕರ ಕೆಲಸ ರೋಗನಿರ್ಣಯವಲ್ಲ. ಗೆಳೆಯರಿಂದ ದೂರ ಸರಿಯುವುದು, ಪದೇ ಪದೇ ಗೈರು, ನಿದ್ದೆಗೇಡು, ಅಂಕಗಳ ಹಠಾತ್ ಕುಸಿತ, ಮೈಮೇಲಿನ ಗಾಯ ಇವನ್ನು ಗಮನಿಸಿ, ಬೈಯದೆ, ಬುದ್ಧಿ ಹೇಳದೆ ಕೇಳಿಸಿಕೊಳ್ಳುವುದೇ ಮೊದಲ ಹೆಜ್ಜೆ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹುಟ್ಟುತ್ತದೆ ಎಂಬ ತಪ್ಪು ತಿಳಿವಳಿಕೆಯಿಂದಾಗಿ ಎಷ್ಟೋ ಹಿರಿಯರು ಸುಮ್ಮನಾಗುತ್ತಾರೆ. ಮಗು ಹೇಳಿದ್ದು ಗುಟ್ಟಾಗಿಯೇ ಉಳಿಯಬೇಕು, ಸ್ಟಾಫ್ ರೂಮಿನ ಮಾತಾಗಬಾರದು. ಆದರೆ ಜೀವಕ್ಕೆ ಅಪಾಯವಿದ್ದಾಗ ಗುಟ್ಟು ಸಲ್ಲದು. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದನ್ನು 2012ರ ಪೋಕ್ಸೊ ಕಾಯ್ದೆ ಕಡ್ಡಾಯಗೊಳಿಸಿದೆ. ಗುಟ್ಟಿನ ಈ ಮಿತಿಗಳನ್ನು ಮಗುವಿಗೆ ಮೊದಲೇ ವಿವರಿಸುವುದು ನ್ಯಾಯ.

ಹೊರಗಿನ ನೆರವಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ (14416) ಇದೆ. ಇದರ ರಾಷ್ಟ್ರೀಯ ಕೇಂದ್ರ ನಿಮ್ಹಾನ್ಸ್. ಕನ್ನಡದಲ್ಲೂ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನು ಹೊಂದಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿತು.