ಡಬ್ಬಿಯ ಮಡಿಕೆ, ಅಕ್ಷರದ ಬಳುಕು

ಮದುವೆ ಮನೆಯಲ್ಲಿ ತಾಂಬೂಲದ ಜೊತೆ ಕೊಡುವ ಬಣ್ಣಬಣ್ಣದ ರಟ್ಟಿನ ಪುಟ್ಟ ಡಬ್ಬಿಗಳನ್ನು ನೀವೆಲ್ಲ ನೋಡಿರುತ್ತೀರಿ. ಒಳಗಿನ ಸಿಹಿ ಖಾಲಿಯಾದ ಮೇಲೆ ಡಬ್ಬಿಯನ್ನು ಬಿಚ್ಚಿ ನೋಡುವುದು ನನ್ನ ಹಳೇ ಚಟ. ಅಂಟು ಬಿಡಿಸಿ ಹರಡಿದರೆ ಡಬ್ಬಿ ಮಾಯ! ಉಳಿಯುವುದು ರೆಕ್ಕೆಪುಕ್ಕಗಳಿರುವ ಒಂದು ಚಪ್ಪಟೆ ಹಾಳೆ ಅಷ್ಟೆ. ಅದರಲ್ಲಿ ಇರುವುದು ಎರಡೇ ಬಗೆಯ ಗೆರೆ. ಒಂದು ಕತ್ತರಿಸುವ ಗೆರೆ, ಇನ್ನೊಂದು ಮಡಿಚುವ ಗೆರೆ.

ಈ ಎರಡನ್ನೂ ಒಂದೇ ಏಟಿಗೆ ಹಾಕಬಹುದು ಅಂತ ಹೊಳೆದದ್ದು ರಾಬರ್ಟ್ ಗೇರ್ ಎಂಬಾತನಿಗೆ, 1879ರಲ್ಲಿ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕಾಗದದ ಚೀಲ ಮಾಡುತ್ತಿದ್ದವನು. ಬೀಜದ ಚೀಲಗಳನ್ನು ಮುದ್ರಿಸುವಾಗ, ಮಡಿಕೆ ಗುರುತು ಒತ್ತುವ ಲೋಹದ ಪಟ್ಟಿ ಜರುಗಿ ಚೀಲಗಳನ್ನೇ ಕತ್ತರಿಸಿಬಿಟ್ಟಿತು. ಬೇರೆಯವರಾಗಿದ್ದರೆ ಬೈದು ಸುಮ್ಮನಾಗುತ್ತಿದ್ದರೇನೋ. ಈತ ಯೋಚಿಸಿದ: ಒಂದೇ ಅಚ್ಚಿನಲ್ಲಿ ಕೆಲವು ಪಟ್ಟಿ ಹರಿತ, ಕೆಲವು ಮೊಂಡು ಇದ್ದರೆ? ಕತ್ತರಿಸುವುದೂ ಆಯಿತು, ಮಡಿಕೆ ಬೀಳಿಸುವುದೂ ಆಯಿತು! ಅಲ್ಲಿಯವರೆಗೆ ಕೈಯಲ್ಲೇ ಮಾಡುತ್ತಿದ್ದ ಡಬ್ಬಿ, ಚಪ್ಪಟೆಯಾಗಿ ಕಟ್ಟುಕಟ್ಟಾಗಿ ಸಾಗಿ, ಬೇಕಾದಲ್ಲಿ ಎದ್ದು ನಿಲ್ಲುವಂತಾಯಿತು.

ನಮ್ಮಲ್ಲೂ ಡಬ್ಬಿಯ ಅಂದಕ್ಕೆ ಬೆಲೆ ಕೊಟ್ಟವರಿದ್ದರು. ಮೈಸೂರು ಸ್ಯಾಂಡಲ್ ಸೋಪನ್ನೇ ನೋಡಿ. 1918ರಲ್ಲಿ ಬಂದ ಆ ಸಾಬೂನಿನ ಪೆಟ್ಟಿಗೆಯನ್ನು ಆಭರಣದ ಪೆಟ್ಟಿಗೆಯ ಹಾಗೆ ಹೂವಿನ ಚಿತ್ತಾರ ಹಾಕಿ ರೂಪಿಸಿದ್ದರು. ಆ ಕಾಲದಲ್ಲಿ ಇಂಥ ಚಿತ್ತಾರವೆಲ್ಲ ಕೈಗೆಲಸ. ಅಳತೆಪಟ್ಟಿ, ಲೇಖನಿ, ಕುಂಚ, ಜೊತೆಗೆ ತುಂಬಾ ತಾಳ್ಮೆ.

ಈ ಕೈಗೆಲಸ ಗಣಕಕ್ಕೆ ಹೋದ ದಾರಿ ಮಾತ್ರ ವಿಚಿತ್ರ. ಅದು ಶುರುವಾದದ್ದು ಕಾರಿನಿಂದ! ಕಾರಿನ ಮೈಯ ಬಾಗುಗಳನ್ನು ಗಣಿತದಲ್ಲಿ ಹಿಡಿಯುವ ಉಪಾಯವನ್ನು ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ತಲ್ಜೋ 1959ರಲ್ಲಿ ಕಂಡುಕೊಂಡ. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ಮುಂದೆ ರೆನೊ ಕಂಪನಿಯ ಪಿಯರ್ ಬೆಜಿಯೇ ಅದೇ ಬಗೆಯ ಕೆಲಸವನ್ನು ಬಹಿರಂಗಪಡಿಸಿದ. ಹಾಗಾಗಿ ಹೆಸರು ಅವನದಾಯಿತು: ಬೆಜಿಯೇ ವಕ್ರರೇಖೆ. ಅಡೋಬಿ ಕಂಪನಿ 1984ರ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯಲ್ಲಿ ಅದನ್ನೇ ಬಳಸಿತು, 1987ರಲ್ಲಿ ಇಲ್ಲಸ್ಟ್ರೇಟರ್ ತಂತ್ರಾಂಶದ ಮೂಲಕ ಚಿತ್ರಕಾರರ ಕೈಗಿಟ್ಟಿತು. 1989ರಲ್ಲಿ ಕೋರೆಲ್‌ಡ್ರಾ ಬಂತು, 2003ರಲ್ಲಿ ಮುಕ್ತ ತಂತ್ರಾಂಶ ಇಂಕ್‌ಸ್ಕೇಪ್.

ಈಗ ಡಬ್ಬಿ ಬರೆಯುವವರು ಕತ್ತರಿ ಗೆರೆಗೆ ಒಂದು ಪದರ, ಮಡಿಕೆಗೆ ಇನ್ನೊಂದು, ಚಿತ್ತಾರಕ್ಕೆ ಮತ್ತೊಂದು ಪದರ ಇಟ್ಟುಕೊಳ್ಳುತ್ತಾರೆ. ದಿಂಬಿನ ಆಕಾರದ ಡಬ್ಬಿ ನೋಡಿದ್ದೀರಲ್ಲ, ಅದರ ತುದಿಯ ಬಾಗಿದ ಮಡಿಕೆಯೂ ಬೆಜಿಯೇ ರೇಖೆಯೇ. ಆದರೆ ಪರದೆಗೆ ರಟ್ಟಿನ ದಪ್ಪ ಗೊತ್ತಿಲ್ಲ, ನಾರಿನ ದಿಕ್ಕೂ ಗೊತ್ತಿಲ್ಲ. ಕಾಗದದಲ್ಲಿ ಒಂದು ಮಾದರಿ ಮಡಿಚಿ ನೋಡದೆ ವಿಧಿಯಿಲ್ಲ. ಕನ್ನಡ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿನ ಅಳತೆಗೆ ಜಾಗ ಬಿಟ್ಟರೆ 'ಲಕ್ಷ್ಮಿ'ಯ ಒತ್ತು ಸರಿಯಾಗಿ ಮಡಿಕೆಯ ಮೇಲೇ ಕೂರುತ್ತದೆ :)

ನಾನು ನಿಜವಾಗಿ ಹೇಳಬೇಕೆಂದಿರುವುದು ಇಲ್ಲಿಂದ ಶುರು. ಗಣಕದ ಫಾಂಟಿನಲ್ಲಿರುವ ನಮ್ಮ ಅಕ್ಷರದ ಬಳುಕು ಕೂಡ ಇದೇ ಬೆಜಿಯೇ ರೇಖೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಬಹಳ ವರ್ಷ ಹೆಚ್ಚಿನ ವಿನ್ಯಾಸ ತಂತ್ರಾಂಶಗಳಲ್ಲಿ ಒತ್ತು-ದೀರ್ಘಗಳು ಸರಿಯಾಗಿ ಕೂಡುತ್ತಿರಲಿಲ್ಲ. ಆದ್ದರಿಂದ ಮುದ್ರಣದವರು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನಿಟ್ಟ ಹಳೆಯ ಫಾಂಟುಗಳಿಗೇ ಅಂಟಿಕೊಂಡರು. ಕಡತ ಬೇರೆ ಗಣಕಕ್ಕೆ ಹೋದರೆ ಅಕ್ಷರ ಕೆಡಬಾರದು ಅಂತ ಕೊನೆಗೆ ಎಲ್ಲವನ್ನೂ 'ಕರ್ವ್' ಮಾಡಿಬಿಡುವುದು ರೂಢಿಯಾಯಿತು. ಅಲ್ಲಿಗೆ ಅದು ಅಕ್ಷರವಲ್ಲ, ಬರೀ ಚಿತ್ರ. ಅಲ್ಲೊಂದು ತಪ್ಪು ಒತ್ತು ನುಸುಳಿದ್ದರೆ ತಿದ್ದಲು ಆಗದು, ಹುಡುಕಲು ಆಗದು. ಅದೇ ಕಡತ ಮರುಮುದ್ರಣಕ್ಕೆ ಹೋದಾಗಲೆಲ್ಲ ಅದೇ ತಪ್ಪು!

ಇವತ್ತು ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಕನ್ನಡವನ್ನು ನೇರವಾಗಿ ಬರೆಯಬಹುದು. ಅಚ್ಚಿಗೆ ಕಳಿಸುವ ಪ್ರತಿಯನ್ನು ಕರ್ವ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅಕ್ಷರ ಅಕ್ಷರವಾಗಿಯೇ ಇರುವ ಇನ್ನೊಂದು ಪ್ರತಿಯನ್ನು ಉಳಿಸಿಕೊಳ್ಳಿ. ಗೇರ್ ಕಂಡುಕೊಂಡ ಡಬ್ಬಿಯ ಸೊಗಸೇ ಅದಲ್ಲವೇ? ಎದ್ದು ನಿಂತದ್ದನ್ನು ಮತ್ತೆ ಬಿಚ್ಚಿ ಹರಡಬಹುದು. ಡಬ್ಬಿಗೆ ಇರುವ ಆ ಸೌಕರ್ಯ ಅದರ ಮೇಲಿನ ಕನ್ನಡಕ್ಕೂ ಇರಲಿ.

ನಿಮ್ಮ ಮನೆಯ ಡಬ್ಬಿಗಳ ಮೇಲೆ ಕನ್ನಡ ಹೇಗಿದೆ? ಒಮ್ಮೆ ನೋಡಿ ಹೇಳಿ...