ಲೆ ಮಾನ್ 24 ಗಂಟೆ: ವೇಗಕ್ಕಿಂತ ತಾಳಿಕೆಗೆ ಮಣೆ ಹಾಕಿದ ಕಾರು ಸ್ಪರ್ಧೆ

ಕಾರು ಎಷ್ಟು ವೇಗವಾಗಿ ಓಡುತ್ತದೆ ಎಂಬುದರ ಜೊತೆಗೆ ಎಷ್ಟು ಹೊತ್ತು ಕೆಡದೆ ಓಡುತ್ತದೆ ಎಂಬುದನ್ನೂ ಒರೆಗೆ ಹಚ್ಚುವ ಸ್ಪರ್ಧೆಗಳಲ್ಲಿ ಫ್ರಾನ್ಸಿನ ‘ಲೆ ಮಾನ್ 24 ಗಂಟೆ’ ಅತ್ಯಂತ ಪ್ರಸಿದ್ಧವಾದುದು. 1923ರಲ್ಲಿ ಆರಂಭವಾದ ಈ ಸ್ಪರ್ಧೆ 2023ರಲ್ಲಿ ನೂರು ವರ್ಷ ಪೂರೈಸಿತು. ಬೆಂಗಳೂರಿನ ಯುವಕರೊಬ್ಬರೂ ಇಲ್ಲಿ ಸ್ಪರ್ಧಿಸಿರುವುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಕರ್ನಾಟಕದ ಮೋಟಾರು ಕ್ರೀಡಾಸಕ್ತರಿಗೆ ಕೆ-1000 ಹಾಗೂ ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗಳು ಚಿರಪರಿಚಿತ. ರ‍್ಯಾಲಿಯಲ್ಲಿ ಕಾರುಗಳು ಒಂದರ ಹಿಂದೊಂದು ನಿಗದಿತ ಅಂತರದಲ್ಲಿ ಹೊರಡುತ್ತವೆ. ಲೆ ಮಾನ್‌ನಲ್ಲಿ ಹಾಗಲ್ಲ. ಎಲ್ಲ ಕಾರುಗಳೂ ಒಟ್ಟಿಗೆ ಹೊರಟು, ಒಂದೇ ಪಥವನ್ನು ಹಗಲು-ರಾತ್ರಿ ಸುತ್ತುತ್ತವೆ. 24 ಗಂಟೆಗಳಲ್ಲಿ ಹೆಚ್ಚು ದೂರ ಕ್ರಮಿಸಿದ ಕಾರಿಗೆ ಜಯ.

ದೀಪದ ಪರೀಕ್ಷೆಯಿಂದ ಆರಂಭ

ಸ್ಪರ್ಧೆಯ ಸಂಘಟಕ ಸಂಸ್ಥೆ ‘ಆಟೊಮೊಬೈಲ್ ಕ್ಲಬ್ ದ ಲ್ವೆಸ್ಟ್’. ಅಂದಿನ ಕಾರುಗಳ ದೀಪ, ಬ್ರೇಕು, ಎಂಜಿನ್ನುಗಳು ದೀರ್ಘ ಪ್ರಯಾಣಕ್ಕೆ ನೆಚ್ಚುವಂತಹವಾಗಿರಲಿಲ್ಲ. ಇಡೀ ರಾತ್ರಿ ಓಡಿಸಿದರೆ ತಯಾರಕರು ಅವುಗಳನ್ನು ಸುಧಾರಿಸಲೇಬೇಕಾಗುತ್ತದೆ ಎಂಬುದು ಸಂಘಟಕರ ಆಲೋಚನೆ. 1923ರ ಮೇ 26 ಮತ್ತು 27ರಂದು ನಡೆದ ಮೊದಲ ಸ್ಪರ್ಧೆಯಲ್ಲಿ ಆಂದ್ರೆ ಲಗಾಷ್ ಮತ್ತು ರೆನೆ ಲೆಯೊನಾರ್ ಜೋಡಿ ‘ಶೆನಾರ್ ಎ ವಾಲ್ಕೆರ್’ ಕಾರಿನಲ್ಲಿ ಸುಮಾರು 2,209 ಕಿ.ಮೀ. ಕ್ರಮಿಸಿ ಅತಿ ಹೆಚ್ಚು ದೂರ ಸಾಗಿತು.

1936ರಲ್ಲಿ ಕಾರ್ಮಿಕರ ಮುಷ್ಕರದಿಂದಾಗಿ, 1940ರಿಂದ 1948ರವರೆಗೆ ಮಹಾಯುದ್ಧ ಮತ್ತು ಅದರ ಹಾನಿಯಿಂದಾಗಿ ಸ್ಪರ್ಧೆ ನಡೆಯಲಿಲ್ಲ. ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ನಡೆಯುವ ಈ ಸ್ಪರ್ಧೆಯನ್ನು ಕೊರೊನಾ ಕಾರಣ 2020ರಲ್ಲಿ ಸೆಪ್ಟೆಂಬರ್‌ಗೆ ಮುಂದೂಡಿ, ಪ್ರೇಕ್ಷಕರಿಲ್ಲದೆ ನಡೆಸಲಾಯಿತು.

ಪಥದ ಸ್ವರೂಪ

ಸುಮಾರು 13.6 ಕಿ.ಮೀ. ಉದ್ದದ ಈ ಪಥದ ಬಹುಭಾಗ ಉಳಿದ ದಿನಗಳಲ್ಲಿ ಜನಸಾಮಾನ್ಯರು ಬಳಸುವ ರಸ್ತೆಯೇ ಆಗಿದೆ. ‘ಮುಲ್ಸಾನ್’ ಎಂಬ ನೇರ ಹಾದಿಯಲ್ಲಿ 1988ರಲ್ಲಿ ಕಾರೊಂದು ಗಂಟೆಗೆ 405 ಕಿ.ಮೀ. ವೇಗ ಮುಟ್ಟಿತ್ತು. ಈ ಅತಿವೇಗವನ್ನು ತಗ್ಗಿಸಲು 1990ರಲ್ಲಿ ಅಲ್ಲಿ ಎರಡು ಕಡೆ ಕೃತಕ ತಿರುವುಗಳನ್ನು ನಿರ್ಮಿಸಲಾಯಿತು.

2010ರಲ್ಲಿ ಗೆದ್ದ ಆಡಿ ಕಾರು 397 ಸುತ್ತುಗಳಲ್ಲಿ 5,410 ಕಿ.ಮೀ. ಓಡಿ ದಾಖಲೆ ಬರೆಯಿತು. ಬೆಂಗಳೂರಿನಿಂದ ಬಂಗಾರಪೇಟೆಗೆ ಸುಮಾರು 70 ಕಿ.ಮೀ. ದೂರವೆಂದುಕೊಂಡರೆ, ಒಂದೇ ದಿನದಲ್ಲಿ 38 ಬಾರಿ ಹೋಗಿ ಬಂದುದಕ್ಕೂ ಮಿಗಿಲು!

ಲೆವೆಯ ಎರಡು ದುರಂತಗಳು

ಲೆ ಮಾನ್‌ನ ಚರಿತ್ರೆಯಲ್ಲಿ ಫ್ರಾನ್ಸಿನ ಚಾಲಕ ಪಿಯೆರ್ ಲೆವೆಯ ಕಥೆ ಮರೆಯಲಾಗದ್ದು. 1952ರಲ್ಲಿ ಆತ ತನ್ನ ಜೊತೆಗಾರನಿಗೆ ಚಾಲನಾಚಕ್ರ ಬಿಟ್ಟುಕೊಡದೆ ಸುಮಾರು 23 ಗಂಟೆ ಒಬ್ಬನೇ ಕಾರು ಓಡಿಸಿದ. ಮೊದಲ ಸ್ಥಾನದಲ್ಲಿದ್ದಾಗಲೇ, ಕೊನೆಯ ಹಂತದಲ್ಲಿ ಎಂಜಿನ್ ಕೈಕೊಟ್ಟಿತು. ಗೆಲುವು ಮರ್ಸಿಡಿಸ್ ಪಾಲಾಯಿತು.

ಮೂರು ವರ್ಷಗಳ ನಂತರ ಅದೇ ಮರ್ಸಿಡಿಸ್ ತಂಡದ ಚಾಲಕನಾಗಿ ಆತ ಮರಳಿ ಬಂದ. 1955ರ ಜೂನ್ 11ರ ಸಂಜೆ, ಮುಂದಿದ್ದ ಜಾಗ್ವಾರ್ ಕಾರು ಪಿಟ್‌ಗೆ ಹೋಗಲೆಂದು ವೇಗ ತಗ್ಗಿಸಿತು. ಅದನ್ನು ತಪ್ಪಿಸಲು ಆಸ್ಟಿನ್-ಹೀಲಿ ಕಾರೊಂದು ಪಕ್ಕಕ್ಕೆ ಸರಿಯಿತು. ಹಿಂದಿನಿಂದ ಬಂದ ಲೆವೆಯ ಕಾರು ಅದಕ್ಕೆ ಬಡಿದು, ಮೇಲಕ್ಕೆ ಚಿಮ್ಮಿ ಪಥದ ಬದಿಯ ದಿಬ್ಬಕ್ಕೆ ಅಪ್ಪಳಿಸಿತು. ಕಾರಿನ ಭಾಗಗಳು ಪ್ರೇಕ್ಷಕರ ನಡುವೆ ನುಗ್ಗಿದವು. ಲೆವೆ ಸೇರಿದಂತೆ 80ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಇಷ್ಟಾದರೂ ಸ್ಪರ್ಧೆ ನಿಲ್ಲಲಿಲ್ಲ. ಜನ ಒಮ್ಮೆಲೇ ಹೊರಟರೆ ರಸ್ತೆಗಳು ತುಂಬಿ ಆಂಬುಲೆನ್ಸ್‌ಗಳಿಗೆ ಅಡ್ಡಿಯಾಗುತ್ತದೆ ಎಂದು ಸಂಘಟಕರು ಸಮರ್ಥಿಸಿಕೊಂಡರು. ಮಧ್ಯರಾತ್ರಿಯ ಬಳಿಕ ಮರ್ಸಿಡಿಸ್ ತನ್ನ ಉಳಿದ ಕಾರುಗಳನ್ನು ಹಿಂತೆಗೆದುಕೊಂಡಿತು. ದುರಂತದ ನಂತರ ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಪಥದ ಮೇಲಿನ ಕಾರು ಸ್ಪರ್ಧೆಗಳನ್ನೇ ನಿಷೇಧಿಸಿತು. ಆ ನಿಷೇಧ ದಶಕಗಳ ಕಾಲ ಮುಂದುವರಿಯಿತು.

ನಡೆದೇ ಪ್ರತಿಭಟಿಸಿದ ಇಕ್ಸ್

ಚಾಲಕರು ರಸ್ತೆಯ ಆಚೆ ಬದಿಯಿಂದ ಓಡಿ ಬಂದು ಕಾರು ಹತ್ತಿ ಹೊರಡುವುದು ಹಿಂದಿನ ಪದ್ಧತಿ. ಆತುರದಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಳ್ಳಲು ಪುರಸೊತ್ತೇ ಇರುತ್ತಿರಲಿಲ್ಲ. 1969ರಲ್ಲಿ ಬೆಲ್ಜಿಯಂನ ಜಾಕಿ ಇಕ್ಸ್ ಪ್ರತಿಭಟನೆಯಾಗಿ ನಿಧಾನವಾಗಿ ನಡೆದು ಬಂದು, ಬೆಲ್ಟ್ ಕಟ್ಟಿಕೊಂಡು, ಎಲ್ಲರಿಗಿಂತ ಕೊನೆಯಲ್ಲಿ ಹೊರಟರು. ಅದೇ ಮೊದಲ ಸುತ್ತಿನಲ್ಲಿ ಬ್ರಿಟನ್ನಿನ ಜಾನ್ ವುಲ್ಫ್ ಅಪಘಾತದಲ್ಲಿ ಮೃತಪಟ್ಟರು. ಕೊನೆಗೆ ನೂರಿನ್ನೂರು ಮೀಟರ್‌ಗಳೊಳಗಿನ ಅಂತರದಲ್ಲಿ ಗೆದ್ದವರು ಇಕ್ಸ್ ಮತ್ತು ಜಾಕಿ ಆಲಿವರ್! ಮರುವರ್ಷದಿಂದ ಓಡಿ ಬರುವ ಪದ್ಧತಿ ರದ್ದಾಯಿತು.

ತಯಾರಕರ ಪೈಪೋಟಿ

1960ರಿಂದ 1965ರವರೆಗೆ ಫೆರಾರಿ, 1966ರಿಂದ 1969ರವರೆಗೆ ಫೋರ್ಡ್ ಸತತವಾಗಿ ಗೆದ್ದವು. 1970ರಲ್ಲಿ ಖಾತೆ ತೆರೆದ ಪೋರ್ಷೆ ಒಟ್ಟು 19 ಬಾರಿ ಗೆದ್ದಿದೆ. 1991ರಲ್ಲಿ ಮಜ್ದಾ, ಗೆದ್ದ ಮೊದಲ ಜಪಾನಿ ಕಂಪನಿಯಾಯಿತು. ಆಡಿ 2006ರಲ್ಲಿ ಡೀಸೆಲ್ ಕಾರಿನಿಂದ, 2012ರಲ್ಲಿ ಹೈಬ್ರಿಡ್ ಕಾರಿನಿಂದ ಗೆದ್ದು ಹೊಸ ದಾರಿ ತೋರಿತು. 2016ರಲ್ಲಿ ಮುಂಚೂಣಿಯಲ್ಲಿದ್ದ ಟೊಯೊಟಾ ಇನ್ನು ಕೆಲವೇ ನಿಮಿಷಗಳಿದ್ದಾಗ ಶಕ್ತಿ ಕಳೆದುಕೊಂಡು ನಿಂತಿತು. 2018ರಿಂದ 2022ರವರೆಗೆ ಸತತ ಐದು ಗೆಲುವು ಸಾಧಿಸಿ ಆ ನೋವನ್ನು ತೀರಿಸಿಕೊಂಡಿತು. 2023, 2024 ಮತ್ತು 2025ರಲ್ಲಿ ಗೆಲುವು ಫೆರಾರಿ ಕಾರುಗಳದ್ದು.

ಭಾರತೀಯರ ಹೆಜ್ಜೆ

2009ರಲ್ಲಿ ನರೇನ್ ಕಾರ್ತಿಕೇಯನ್‌ಗೆ ಅವಕಾಶ ಒದಗಿತ್ತು. ಆದರೆ ಸ್ಪರ್ಧೆಗೆ ಮುನ್ನ ಬಿದ್ದು ಭುಜಕ್ಕೆ ಪೆಟ್ಟಾದ್ದರಿಂದ ಕಣಕ್ಕಿಳಿಯಲಾಗಲಿಲ್ಲ. 2012ರಲ್ಲಿ ಚೆನ್ನೈನ ಕರುಣ್ ಚಂಧೋಕ್ ಇಲ್ಲಿ ಸ್ಪರ್ಧಿಸಿ, ಅವರ ತಂಡ ಆರನೆಯ ಸ್ಥಾನ ಪಡೆಯಿತು. ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಎಲ್‌ಎಂಪಿ-2 ವರ್ಗದಲ್ಲಿ ಕಣಕ್ಕಿಳಿದರು. 2021ರ ಏಷ್ಯನ್ ಲೆ ಮಾನ್ ಸರಣಿಯಲ್ಲಿ ಅರ್ಜುನ್ ಮತ್ತು ನರೇನ್ ಒಂದೇ ತಂಡದ ಪರ ಸ್ಪರ್ಧಿಸಿದರು.

ನಮಗೂ ಪಾಠ

ಈಗ ಪ್ರತಿ ಕಾರಿಗೆ ಮೂವರು ಚಾಲಕರು. ಯಾವ ಆರು ಗಂಟೆಗಳ ಅವಧಿಯಲ್ಲೂ ಒಬ್ಬರು ನಾಲ್ಕು ಗಂಟೆಗಿಂತ ಹೆಚ್ಚು, ಒಟ್ಟಾರೆ 14 ಗಂಟೆಗಿಂತ ಹೆಚ್ಚು ಕಾರು ಓಡಿಸುವಂತಿಲ್ಲ. ಲೆವೆಯಂತೆ 23 ಗಂಟೆ ಒಬ್ಬರೇ ಓಡಿಸುವ ಸಾಹಸಕ್ಕೆ ಇಂದು ಆಸ್ಪದವಿಲ್ಲ. ನಮ್ಮ ದೇಶದಲ್ಲೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕರ ದುಡಿಮೆಗೆ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿತ್ತು. ಸ್ಪರ್ಧೆಯ ಪಥದಲ್ಲಿ ಈ ಬಗೆಯ ನಿಯಮವನ್ನು ಗಡಿಯಾರ ಹಿಡಿದು ಪಾಲಿಸಲಾಗುತ್ತದೆ. ರಾತ್ರಿಯಿಡೀ ಬಸ್ಸು, ಲಾರಿಗಳು ಓಡುವ ನಮ್ಮ ಹೆದ್ದಾರಿಗಳಲ್ಲೂ ಅಷ್ಟೇ ಕಟ್ಟುನಿಟ್ಟು ಅಗತ್ಯ.