180 ಗ್ರಾಂ ರೆಕಾರ್ಡ್: ತೂಕ ಜಾಸ್ತಿಯಾದ್ರೆ ಹಾಡು ಚೆನ್ನಾಗಿ ಕೇಳಿಸುತ್ತಾ?

ಹೆಗ್ಗನಹಳ್ಳಿಯ ನಮ್ಮ ಬೀದಿಯ ಗುಜರಿ ಅಂಗಡಿಯಲ್ಲಿ ಹೋದ ತಿಂಗಳು ಹಳೇ ಪೇಪರ್ ಕಟ್ಟಿನ ಪಕ್ಕ ಒಂದಷ್ಟು ಚಿಕ್ಕ ರೆಕಾರ್ಡುಗಳು ಕಂಡವು. ಕನ್ನಡ ಸಿನಿಮಾ ಹಾಡುಗಳ ಏಳಿಂಚಿನ ಇಪಿಗಳು. ಯಾರೋ ಮನೆ ಖಾಲಿ ಮಾಡುವಾಗ ಹಾಕಿ ಹೋಗಿದ್ದು. ರೇಟ್ ಕೇಳಿದರೆ ಅಂಗಡಿಯವರು, "ಪ್ಲಾಸ್ಟಿಕ್ ಅಲ್ವಾ ಸಾರ್, ಕೆಜಿ ಲೆಕ್ಕ" ಅಂದರು. ಹನ್ನೊಂದು ಇಪಿ, ಒಟ್ಟು ಅರ್ಧ ಕೆಜಿಯೂ ತೂಗಲಿಲ್ಲ. ಸುಮ್ಮನೆ ನೂರು ರೂಪಾಯಿ ಕೊಟ್ಟು ತಂದೆ.

ಅದಕ್ಕೂ ಒಂದು ವಾರದ ಹಿಂದೆ ನಾನೇ ಒಂದು ಹೊಸ ಎಲ್‌ಪಿಗೆ ನಾಲ್ಕು ಸಾವಿರ ಸುರಿದು ಬಂದಿದ್ದೆ. ಕವರ್ ಮೇಲೆ ಬಂಗಾರದ ಬಣ್ಣದ ಸ್ಟಿಕ್ಕರ್: '180 ಗ್ರಾಂ'. "ತೂಕ ಜಾಸ್ತಿ, ಸೌಂಡೂ ಜಾಸ್ತಿ" ಅಂತ ಅಂಗಡಿಯ ಹುಡುಗ ಹೇಳಿದ್ದ. ಇಂಜಿನಿಯರಿಂಗ್ ಓದಿದ ನಾನು ಒಂದು ಪ್ರಶ್ನೆಯನ್ನೂ ಕೇಳದೆ ಕಾರ್ಡ್ ಉಜ್ಜಿದೆ. ಆ ಪ್ರಶ್ನೆಯನ್ನು ಈಗ ಕೇಳೋಣ.

ಚಿಕ್ಕ ಉತ್ತರ

ಇಲ್ಲ. ಬರೀ ತೂಕದಿಂದ ಧ್ವನಿ ಸುಧಾರಿಸಲ್ಲ. ದಪ್ಪ ರೆಕಾರ್ಡಿಗೆ ಒಂದೆರಡು ಸಣ್ಣ ಅನುಕೂಲಗಳಿವೆ, ಆದರೆ ಹಾಡು ಇರುವುದು ಗೆರೆಯಲ್ಲಿ. ಗೆರೆಯ ಗುಣ ತೀರ್ಮಾನ ಆಗೋದು ಪ್ಲಾಸ್ಟಿಕ್ಕನ್ನು ತೂಗುವುದಕ್ಕೂ ಎಷ್ಟೋ ಮೊದಲು.

ರೆಕಾರ್ಡ್ ಹುಟ್ಟೋದು ಹೇಗೆ?

ಮೊದಲು ಮೆರುಗೆಣ್ಣೆ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಹಾಡಿನ ಗೆರೆ ಕೊರೆಯುತ್ತಾರೆ. ಅದಕ್ಕೆ ಬೆಳ್ಳಿಯ ತೆಳು ಲೇಪ ಕೊಟ್ಟು, ಮೇಲೆ ನಿಕ್ಕಲ್ ಕೂರಿಸಿ, ಅದರಿಂದ ಹಂತ ಹಂತವಾಗಿ 'ಸ್ಟ್ಯಾಂಪರ್' ಅನ್ನೋ ಅಚ್ಚು ತೆಗೆಯುತ್ತಾರೆ. ಆಮೇಲೆ ಬಿಸಿ ವಿನೈಲ್ ಮುದ್ದೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಪ್ರೆಸ್ ಒತ್ತುತ್ತದೆ. ಮುದ್ದೆ ದೊಡ್ಡದಿಟ್ಟರೆ 180 ಗ್ರಾಂ, ಚಿಕ್ಕದಿಟ್ಟರೆ 140. ಅಚ್ಚು ಅದೇ, ಗೆರೆಯೂ ಅದೇ.

ನನ್ನ ಲೆಕ್ಕ ಹೀಗಿದೆ. 12 ಇಂಚಿನ ರೆಕಾರ್ಡಿನ ವಿಸ್ತೀರ್ಣ ಸುಮಾರು 707 ಚದರ ಸೆಂ.ಮೀ. ವಿನೈಲ್ ಸಾಂದ್ರತೆ 1.4 ಅಂತ ಇಟ್ಟುಕೊಂಡರೆ 140 ಗ್ರಾಂ ರೆಕಾರ್ಡಿನ ಸರಾಸರಿ ದಪ್ಪ 1.4 ಮಿ.ಮೀ, 180 ಗ್ರಾಮಿನದು 1.8 ಮಿ.ಮೀ. ವ್ಯತ್ಯಾಸ 0.4 ಮಿ.ಮೀ. ಗೆರೆಯ ಆಳ ಎಷ್ಟು? ಸಾಮಾನ್ಯವಾಗಿ 0.03ರಿಂದ 0.05 ಮಿ.ಮೀ, ಒಂದು ತಲೆಕೂದಲಿನ ದಪ್ಪಕ್ಕಿಂತ ಕಮ್ಮಿ. ಅಂದರೆ ತೆಳು ರೆಕಾರ್ಡಿನಲ್ಲೂ ಎರಡು ಬದಿಯ ಗೆರೆ ಕಳೆದು 1.3 ಮಿ.ಮೀ ಪ್ಲಾಸ್ಟಿಕ್ ಸುಮ್ಮನೆ ಕೂತಿರುತ್ತೆ. ದಪ್ಪ ರೆಕಾರ್ಡಿನಲ್ಲಿ ಇನ್ನಷ್ಟು ಸುಮ್ಮನೆ ಕೂತಿರುತ್ತೆ, ಅಷ್ಟೇ.

"ದಪ್ಪ ಇದ್ದರೆ ಗೆರೆ ಆಳ ಕೊರೀಬಹುದು" ಅನ್ನೋ ವಾದ ಇಲ್ಲಿಗೆ ಬಿದ್ದುಹೋಯಿತು.

ಹಾಗಾದ್ರೆ ಧ್ವನಿ ಕೆಡೋದು ಎಲ್ಲಿ?

ನಮ್ಮ ಏರಿಯಾ ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಇದೆ. ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್ಡುಗಳಿಗೆ ಬರವಿಲ್ಲ. ಅಂಥದ್ದೊಂದು ಶೆಡ್ ನಡೆಸುವ ಪರಿಚಯದ ಅಣ್ಣನಿಗೆ ರೆಕಾರ್ಡ್ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ ಹೇಳಿದರು: "ನಮ್ ಬಕೆಟ್ ಮುಚ್ಚಳಕ್ಕೂ ಇದೇ ರೂಲು ಕಣಪ್ಪ. ಡೈ ಸವೆದಿರಬಾರದು, ಮಾಲು ಫ್ರೆಶ್ ಇರಬೇಕು, ಕೂಲಿಂಗ್‌ಗೆ ಟೈಮ್ ಕೊಡಬೇಕು. ದಪ್ಪ ಮಾಡಿ ಅರ್ಜೆಂಟಲ್ಲಿ ತೆಗೆದ್ರೆ ಸೊಟ್ಟ ಆಗುತ್ತೆ."

ರೆಕಾರ್ಡಿನ ಮಟ್ಟಿಗೂ ಇದು ಅಕ್ಷರಶಃ ಸತ್ಯ. ಸ್ಟ್ಯಾಂಪರ್ ಸವೆದರೆ ಮೇಲಿನ ಶ್ರುತಿಯ ಸೂಕ್ಷ್ಮಗಳು ಮಸುಕಾಗುತ್ತವೆ. ವಿನೈಲ್ ಗೆರೆಯೊಳಗೆ ಪೂರ್ತಿ ತುಂಬದಿದ್ದರೆ ಪರಪರ ಸದ್ದು. ನಡುವಿನ ತೂತು ಒಂದಿಷ್ಟು ಪಕ್ಕಕ್ಕೆ ಸರಿದರೆ ಶ್ರುತಿಯೇ ತೊನೆದಾಡುತ್ತೆ. ಒಂದು ಬದಿಗೆ 25 ನಿಮಿಷಕ್ಕಿಂತ ಹೆಚ್ಚು ಹಾಡು ತುರುಕಿದರೆ ಗೆರೆ ಒತ್ತೊತ್ತಾಗಿ, ಧ್ವನಿಯ ಮಟ್ಟ ಇಳಿಸಬೇಕಾಗುತ್ತೆ. ಇದ್ಯಾವುದೂ ಸ್ಟಿಕ್ಕರ್ ಮೇಲೆ ಇರಲ್ಲ.

ವೇಗದ ವಿಷಯವನ್ನಂತೂ ಯಾರೂ ಹೇಳಲ್ಲ. 33⅓ ಆರ್‌ಪಿಎಂ ಎಲ್‌ಪಿಯ ಕೊನೆಯ ಹಾಡಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 21 ಸೆಂ.ಮೀ ಗೆರೆ ಹಾಯುತ್ತೆ. ಅದೇ 45 ಆರ್‌ಪಿಎಂ ಇಪಿಯ ಕೊನೆಯಲ್ಲೂ ಸುಮಾರು 25 ಸೆಂ.ಮೀ. ಹೆಚ್ಚು ಉದ್ದ ಸಿಕ್ಕರೆ ಅದೇ ಧ್ವನಿಯನ್ನು ಹೆಚ್ಚು ನಿರಾಳವಾಗಿ ಬರೆಯಬಹುದು. ಅಂದರೆ ಗುಜರಿಯಲ್ಲಿ ಸಿಕ್ಕ 40 ಗ್ರಾಮಿನ ಇಪಿಗೆ ಈ ಒಂದು ವಿಷಯದಲ್ಲಿ ನನ್ನ ನಾಲ್ಕು ಸಾವಿರದ ಎಲ್‌ಪಿಯ ಕೊನೆ ಹಾಡಿಗಿಂತ ಅನುಕೂಲ ಜಾಸ್ತಿ.

ಭಾರವೇ ಗುಣ ಆಗಿದ್ದರೆ?

ಆಗ ನಮ್ಮ ಮುತ್ತಾತಂದಿರ 78 ಆರ್‌ಪಿಎಂ ರೆಕಾರ್ಡುಗಳೇ ಗೆಲ್ಲಬೇಕಿತ್ತು. ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡುತ್ತಿದ್ದ ಆ ಹತ್ತಿಂಚಿನ ತಟ್ಟೆಗಳು ಸುಮಾರು 200 ಗ್ರಾಂ ತೂಗುತ್ತಿದ್ದವು. ಆ ಪುಡಿಯಿಂದಲೇ ಹಾಡಿನುದ್ದಕ್ಕೂ ಮಳೆ ಸುರಿದಂಥ ಸದ್ದು.

ವಿನೈಲ್ ಬಂದ ಮೇಲೆ ಸದ್ದು ತಗ್ಗಿತು, ತೂಕವೂ ಇಳಿಯಿತು. 1970ರ ದಶಕದ ಆರಂಭದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ 'ಡೈನಾಫ್ಲೆಕ್ಸ್' ಹೆಸರಿನಲ್ಲಿ ಬಳುಕುವಷ್ಟು ತೆಳು ರೆಕಾರ್ಡ್ ತಂದು, ತೆಳುವೇ ಒಳ್ಳೇದು ಅಂತ ಪ್ರಚಾರ ಮಾಡಿತು. 1973ರ ತೈಲ ಬಿಕ್ಕಟ್ಟಿನಲ್ಲಿ ವಿನೈಲ್ ದುಬಾರಿಯಾಗಿ, ಹಳೇ ರೆಕಾರ್ಡ್ ಪುಡಿ ಮಾಡಿ ಬೆರೆಸುವ ಚಾಳಿ ಹೆಚ್ಚಾಯಿತು. ಹಾಗೆ ಬಂದ ಕೆಟ್ಟ ರೆಕಾರ್ಡುಗಳು ತೆಳುವಾಗಿಯೂ ಇದ್ದವು. ದೋಷ ಮಾಲಿನದು, ಹೆಸರು ಕೆಟ್ಟಿದ್ದು ತೂಕದ್ದು. ಈಗ ದಪ್ಪವೇ ಒಳ್ಳೇದು ಅಂತ ಪ್ರಚಾರ.

ತೂಕದಿಂದ ಏನೂ ಲಾಭ ಇಲ್ವಾ?

ಇದೆ. ಚೆನ್ನಾಗಿ ಒತ್ತಿದ ದಪ್ಪ ರೆಕಾರ್ಡ್ ಸುಲಭಕ್ಕೆ ಬಳುಕಲ್ಲ, ಕೈಯಲ್ಲಿ ಗಟ್ಟಿಯಾಗಿ ಕೂರುತ್ತೆ. ಭಾರದ ತಟ್ಟೆ ಸಮವೇಗದಲ್ಲಿ ತಿರುಗುತ್ತೆ ಅಂತಾರೆ, ಆದರೆ ಎರಡು ಕೆಜಿ ತೂಗುವ ಟರ್ನ್‌ಟೇಬಲ್ ತಟ್ಟೆಗೆ 40 ಗ್ರಾಂ ಸೇರಿಸಿದರೆ ಅದು ಶೇ 2. ದಪ್ಪ ಬದಲಾದರೆ ಸೂಜಿಯ ಕೋನ ಬದಲಾಗುತ್ತೆ ಅನ್ನೋದೂ ನಿಜ. ಎಷ್ಟು? 230 ಮಿ.ಮೀ ತೋಳಿಗೆ 0.4 ಮಿ.ಮೀ ಏರಿದರೆ ಸುಮಾರು 0.1 ಡಿಗ್ರಿ.

ಇನ್ನು ನನ್ನ ಇಪಿಯನ್ನೂ ಎಲ್‌ಪಿಯನ್ನೂ ಹೋಲಿಸಿ ತೀರ್ಪು ಕೊಡಲ್ಲ. ಹಾಡು ಬೇರೆ, ಕಾಲ ಬೇರೆ. ಒಂದೇ ಸ್ಟ್ಯಾಂಪರ್‌ನಿಂದ 140ರದ್ದೊಂದು, 180ರದ್ದೊಂದು ಒತ್ತಿಸಿ, ಯಾವುದು ಯಾವುದು ಅಂತ ಹೇಳದೆ ಕೇಳಿಸಿದರೆ ಮಾತ್ರ ಅದು ಪರೀಕ್ಷೆ.

ನಿಜವಾದ ಅಂಕಿ, ಸುಳ್ಳು ಅರ್ಥ

90ರ ದಶಕದ ಟೇಪ್ ರೆಕಾರ್ಡರ್ ಡಬ್ಬಗಳ ಮೇಲಿನ 'ಪಿಎಂಪಿಒ' ವಾಟ್ ನೆನಪಿದೆಯಾ? ಸಾವಿರಗಟ್ಟಲೆ ವಾಟ್ ಬರೆದಿರುತ್ತಿದ್ದರು, ಅಂಗೈಯಗಲದ ಸ್ಪೀಕರ್‌ಗೆ. 180 ಗ್ರಾಂ ಅದಕ್ಕಿಂತ ಜಾಣ ಉಪಾಯ, ಯಾಕಂದ್ರೆ ಇದು ಸುಳ್ಳಲ್ಲ. ತೂಗಿದರೆ ಹತ್ತಿರ ಹತ್ತಿರ 180 ಬರುತ್ತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ ಮಾತಾಡುತ್ತೆ. ಆದರೆ ಸ್ಟಿಕ್ಕರ್ ಹೇಳಿದ್ದು ತೂಕ ಮಾತ್ರ. "ಹಾಗಾದ್ರೆ ಸೌಂಡ್ ಚೆನ್ನಾಗಿರುತ್ತೆ" ಅಂತ ಸೇರಿಸಿಕೊಂಡಿದ್ದು ನಾವು. ಚುನಾವಣಾ ಭಾಷಣದ ಅಂಕಿಗಳೂ ಎಷ್ಟೋ ಸಲ ಹೀಗೇ ಕೆಲಸ ಮಾಡ್ತವೆ.

ಹೇಳದೆ ಬಿಟ್ಟ ಸಂಗತಿ ಎಷ್ಟು ದೊಡ್ಡದಿರಬಹುದು ಅನ್ನೋದು 2022ರಲ್ಲಿ ಗೊತ್ತಾಯಿತು. ದುಬಾರಿ ಮರುಮುದ್ರಣಗಳಿಗೆ ಹೆಸರಾದ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ, ಪೂರ್ತಿ ಅನಲಾಗ್ ಅಂತ ಜನ ನಂಬಿ ಕೊಂಡಿದ್ದ ಅನೇಕ ರೆಕಾರ್ಡುಗಳಲ್ಲಿ ನಡುವೆ ಡಿಜಿಟಲ್ ಹಂತ ಇದ್ದದ್ದನ್ನು ಒಪ್ಪಿಕೊಂಡಿತು. ಪ್ರಕರಣ ಕೋರ್ಟಿಗೂ ಹೋಯಿತು. ವರ್ಷಗಟ್ಟಲೆ ಆ ರೆಕಾರ್ಡುಗಳನ್ನು ಹೊಗಳಿದ ಸೂಕ್ಷ್ಮ ಕಿವಿಗಳಿಗೆ ಅದು ಗೊತ್ತೇ ಆಗಿರಲಿಲ್ಲ.

ಕೊಳ್ಳುವ ಮುಂಚೆ ಕೇಳಿ

- ಇದನ್ನು ಯಾವುದರಿಂದ ಮಾಡಿದ್ದಾರೆ: ಮೂಲ ಟೇಪಾ, ಸಿಡಿಯಾ, ಬೇರೆ ಫೈಲಾ?
- ಮಾಸ್ಟರಿಂಗ್ ಯಾರದು, ಒತ್ತಿದ್ದು ಎಲ್ಲಿ? ಕವರ್ ಮೇಲೆ ಈ ಹೆಸರುಗಳಿವೆಯಾ?
- ಒಂದು ಬದಿಗೆ ಎಷ್ಟು ನಿಮಿಷ? 20ರ ಆಸುಪಾಸು ಇದ್ದರೆ ಒಳ್ಳೇದು.
- ಸೊಟ್ಟ ಇದ್ದರೆ ವಾಪಸ್ ತಗೋತಾರಾ?
- ನಿಮ್ಮ ಸೂಜಿ ಎಷ್ಟು ಹಳೇದು? ಮೊದಲು ಖರ್ಚು ಮಾಡಬೇಕಾದ್ದು ಅಲ್ಲಿ.

ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲೋ, ನಿಮ್ಮ ಅಜ್ಜಿ ಮನೆಯ ಅಟ್ಟದಲ್ಲೋ ಹಳೇ ಇಪಿ ಸಿಕ್ಕರೆ ಹಗುರ ಅಂತ ಬಿಸಾಕಬೇಡಿ. ನಾನು ತಂದ ಹನ್ನೊಂದನ್ನು ನೀರಲ್ಲಿ ಮೆಲ್ಲಗೆ ತೊಳೆದು ಒಣಗಿಸಿದೆ. ಎರಡು ಗೀರಿ ಹಾಳಾಗಿವೆ, ಒಂಬತ್ತು ಹಾಡ್ತಿವೆ. ಗುಜರಿಯವರಿಗೆ ನನ್ನ ಫೋನ್ ನಂಬರ್ ಕೊಟ್ಟು ಬಂದಿದ್ದೇನೆ, ಮತ್ತೆ ಬಂದರೆ ತೂಗುವ ಮುಂಚೆ ಫೋನ್ ಮಾಡಿ ಅಂತ.